ನಾಗರತ್ನಳ ಡ್ರಿಲ್ಲಿಗೆ ನಾನು ಹಾಕಿದ ಎಣ್ಣೆ

ಮೊನ್ನೆ ಅಂಗಿಗೆ ಗುಂಡಿ ಹಾಕಿಕೊಳ್ಳಲು ಸೂಜಿದಾರ ಹುಡುಕುತ್ತಿದ್ದಾಗ ಬೀರುವಿನ ಕೆಳಗಿನ ಖಾನೆಯಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆಯ ಪುಟ್ಟ ಸೀಸೆ ಕೈಗೆ ಸಿಕ್ಕಿತು. ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಸೀಸೆ, ಮುಂದೆ ಚೂಪು ಮೂತಿ, ಮೂತಿಗೊಂದು ಟೋಪಿ. ಅರ್ಧದಷ್ಟು ಎಣ್ಣೆ ಇನ್ನೂ ಉಳಿದಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಎಣ್ಣೆ ಸೀಸೆ ನೋಡಿ ನಾಚಿಕೊಳ್ಳುವ ಅರವತ್ತಾರು ವರ್ಷದ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಕಾರಣ ಹೇಳುತ್ತೇನೆ. ಗುಂಡಿ ಆಮೇಲೆ ಹಾಕಿಕೊಂಡರಾಯಿತು.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಒಂದು ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ. ಪಕ್ಕದಲ್ಲಿ ಎಂದರೆ ಅಕ್ಷರಶಃ ಪಕ್ಕದಲ್ಲಿ. ನಮ್ಮದು ಒಂದೂವರೆ ಕೋಣೆಯ ಮನೆ. ಅಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಹಗಲು ಮೆಷಿನ್ ಇರುತ್ತಿದ್ದ ಜಾಗವೇ ಮೆಷಿನ್ ಸರಿಸಿದ ಮೇಲೆ ನನ್ನ ಹಾಸಿಗೆಯ ಜಾಗ. ಹೀಗಾಗಿ ನನ್ನ ಹೊದಿಕೆಗೆ, ಪಠ್ಯಪುಸ್ತಕಕ್ಕೆ, ಒಮ್ಮೊಮ್ಮೆ ಅನ್ನಕ್ಕೂ ಅದೇ ಎಣ್ಣೆಯ ವಾಸನೆ. ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ ಹುಡುಗ ಮೂಗು ಮುಚ್ಚಿಕೊಂಡರೆ ನನಗೆ ಆಶ್ಚರ್ಯವಾಗುತ್ತಿತ್ತು. ಎಲ್ಲರ ಮನೆಯಲ್ಲೂ ಹೀಗೇ ವಾಸನೆ ಬರುತ್ತದೆ ಎಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಮೆಷಿನ್ನಿಗೆ ಎಣ್ಣೆಸ್ನಾನ. ಅಮ್ಮ ಮೊದಲು ಹಳೇ ರವಿಕೆಯ ಚೂರಿನಿಂದ ಒಳಗಿನ ಕಪ್ಪು ಜಿಡ್ಡನ್ನೆಲ್ಲ ಒರೆಸುವಳು. ದಾರದ ಧೂಳು, ಬಟ್ಟೆಯ ನಾರು, ವಾರದ ಹಳೇ ಎಣ್ಣೆ ಎಲ್ಲ ಸೇರಿ ಆದ ಜಿಡ್ಡು. ಅದನ್ನು ಪೂರ್ತಿ ತೆಗೆದ ಮೇಲೆ, ಒಂದೊಂದು ತೂತಿಗೆ ಒಂದೊಂದು ಹನಿ. ಮೆಷಿನ್ನಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಅಮ್ಮನಿಗೆ ಕಾಣದ ತೂತುಗಳಿಗೆ ಎಣ್ಣೆ ಬಿಡುವ ಕೆಲಸ ನನ್ನದು. ಹನಿಗಳಲ್ಲಿ ಒಂದೆರಡು ನನ್ನ ಕಣ್ಣಿಗೂ ಬೀಳುತ್ತಿದ್ದವು. ಬಹುಶಃ ಅದಕ್ಕೇ ಇವತ್ತಿನವರೆಗೂ ನನ್ನ ರೆಪ್ಪೆ ಸದ್ದು ಮಾಡಿಲ್ಲ.

ಮೆಷಿನ್ನಿಗೆ ಆಗಿ ಉಳಿದ ಎಣ್ಣೆ ಗೇಟಿಗೆ, ಕತ್ತರಿಗೆ, ಅಪ್ಪನ ಸೈಕಲ್ಲಿಗೆ, ಪಕ್ಕದ ಮನೆಯವರ ಟ್ರಂಕಿನ ಬೀಗಕ್ಕೆ.

"ಕಿರ್ ಅಂತಿದ್ಯಾ? ಎಣ್ಣೆ ಕೇಳ್ತಿದೆ ಅಂತ ಅರ್ಥ," ಎನ್ನುತ್ತಿದ್ದಳು ಅಮ್ಮ.

ನನ್ನ ಯಂತ್ರವಿಜ್ಞಾನ ಅಲ್ಲೇ ಆರಂಭವಾಗಿ ಅಲ್ಲಿಗೇ ಮುಗಿಯಿತು. ಮುಂದೆ ಶಿವಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ ಮೇಲೂ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಎಣ್ಣೆ ಸೀಸೆ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ಸ್ಟಾಫ್ ರೂಮಿನ ಫ್ಯಾನಿನ ಸದ್ದು ತಾಳಲಾರದೆ ಮೇಜು ಹತ್ತಿ ಅದಕ್ಕೆ ಧಾರಾಳವಾಗಿ ಎಣ್ಣೆ ಬಿಟ್ಟೆ. ಸದ್ದು ನಿಂತಿತು. ಆದರೆ ಅವತ್ತು ತಪಾಸಣೆಗೆ ಬಂದಿದ್ದ ಅಧಿಕಾರಿಗಳ ಬಿಳಿ ಅಂಗಿಯ ಮೇಲೆ, ಫ್ಯಾನು ತಿರುಗಿದಂತೆಲ್ಲ, ಸಣ್ಣ ಸಣ್ಣ ಚುಕ್ಕಿಗಳು ಮೂಡತೊಡಗಿದವು. ಅವರು ಮಳೆ ಸೋರುತ್ತಿದೆ ಎಂದುಕೊಂಡು ಚಾವಣಿ ದುರಸ್ತಿಗೆ ಬರೆದುಕೊಂಡು ಹೋದರು. ನಾನು ಸೀಸೆಯನ್ನು ಜೇಬಿನ ಆಳಕ್ಕೆ ತಳ್ಳಿದೆ.

ನಾಗರತ್ನಳನ್ನು ನೋಡಲು ಬಾಣಸವಾಡಿಯ ಅವರ ಮನೆಗೆ ಹೋದಾಗಲೂ ಸೀಸೆ ಜೇಬಿನಲ್ಲಿತ್ತು. ಅವಳು ಕಾಫಿ ತಟ್ಟೆ ಹಿಡಿದುಕೊಂಡು ಒಳಕೋಣೆಯಿಂದ ಬರುವಾಗ ಬಾಗಿಲು ಕಿರ್ರೆಂದಿತು. ಎಲ್ಲರೂ ಗಂಭೀರವಾಗಿ ಕೂತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತೆ," ಎಂದೆ. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸದೆ ನೇರವಾಗಿ ನನ್ನನ್ನು ನೋಡಿದಳು.

"ಎಣ್ಣೆಯಿಂದ ಆಗಲ್ಲ ರೀ. ಬಾಗಿಲಿನ ಕೀಲು ಬಗ್ಗಿದೆ. ಬಿಚ್ಚಿ ನೇರ ಮಾಡ್ಬೇಕು."

ಅದು ಅವಳು ನನಗೆ ಹೇಳಿದ ಮೊದಲ ಮಾತು. ಮದುವೆಯಾಗಿ ಮೂವತ್ತೈದು ವರ್ಷ ಕಳೆದವು. ಅವಳ ಮಾತಿನ ಸಾರಾಂಶ ಇನ್ನೂ ಅದೇ.

ಆಗ ಅವಳು ವಿಮಾನ ಕಾರ್ಖಾನೆಯಲ್ಲಿ ಟ್ರೈನಿಂಗಿನಲ್ಲಿದ್ದಳು. ಆಮೇಲೆ ಅಲ್ಲೇ ಫಿಟ್ಟರ್ ಆಗಿ ಸೇರಿ, ಹೋದ ವರ್ಷದ ಹಿಂದಿನ ವರ್ಷ ನಿವೃತ್ತಳಾದಳು. ಕಾರ್ಖಾನೆಗೆ ಹತ್ತಿರವಾಗಲಿ ಎಂದೇ ನಾವು ಹೊಸ ತಿಪ್ಪಸಂದ್ರದಲ್ಲಿ ಮನೆ ಮಾಡಿದ್ದು. ನಾನು ಹುಡುಗರ ಕಾಗುಣಿತ ತಿದ್ದಿ ಮನೆಗೆ ಬಂದರೆ ಅವಳು ಕಾರ್ಖಾನೆಯ ಶಿಸ್ತನ್ನು ತೊಟ್ಟುಕೊಂಡೇ ಮನೆಗೆ ಬರುತ್ತಿದ್ದಳು. ಅಲ್ಲಿ ಒಂದೊಂದು ಗ್ರೀಸಿಗೆ ಒಂದೊಂದು ಡಬ್ಬಿ, ಒಂದೊಂದು ಡಬ್ಬಿಗೆ ಅದರದ್ದೇ ಚಮಚ. ಈ ಡಬ್ಬಿಯ ಚಮಚ ಆ ಡಬ್ಬಿಗೆ ಹೋಗುವಂತಿಲ್ಲ. ಎರಡು ಗ್ರೀಸು ಬೆರೆತರೆ ಎರಡೂ ಕೆಡುತ್ತವಂತೆ. ಸರಿ, ಒಪ್ಪಿಕೊಳ್ಳೋಣ. ಆದರೆ ನಮ್ಮ ಅಡುಗೆಮನೆಯಲ್ಲೂ ಅದೇ ಕಾನೂನು ಬಂತು. ನಾನು ಒಮ್ಮೆ ಹುಳಿಯ ಸೌಟನ್ನು ಸಾರಿಗೆ ಅದ್ದಿದ್ದಕ್ಕೆ, "ಹೀಗೆ ಮಾಡಿದ್ರೆ ನಮ್ಮಲ್ಲಿ ವಿಮಾನಾನೇ ಹಾರೋಕೆ ಬಿಡಲ್ಲ," ಎಂದಳು. ಆ ದಿನದ ಸಾರು ಹಾರುವ ಉದ್ದೇಶದ್ದೇನೂ ಆಗಿರಲಿಲ್ಲ.

ಅವಳ ಸೆಕ್ಷನ್ನಿನಲ್ಲಿ ಇನ್ನೊಂದು ಪದ್ಧತಿಯಿತ್ತಂತೆ. ಯಾರಾದರೂ ತಪ್ಪು ಗ್ರೀಸು ಹಾಕಿದರೆ, ಸ್ಕ್ರೂ ಬೀಳಿಸಿದರೆ, ಬಿಚ್ಚಬಾರದ್ದನ್ನು ಬಿಚ್ಚಿದರೆ, ಆ ವಸ್ತುವಿಗೆ ತಾವೇ ಒಂದು ಕೆಂಪು ಚೀಟಿ ಕಟ್ಟಬೇಕು. ಏನು ಮಾಡಿದೆ ಎಂದು ಬರೆದು ಕೆಳಗೆ ಹೆಸರು ಹಾಕಬೇಕು. ಚೀಟಿ ಕಟ್ಟಿದವರನ್ನು ಯಾರೂ ಬಯ್ಯುವಂತಿಲ್ಲ. ಕಟ್ಟದೆ ಮುಚ್ಚಿಟ್ಟವರಿಗೆ ಮಾತ್ರ ಆ ಸೆಕ್ಷನ್ನಿನಲ್ಲಿ ಉಳಿಗಾಲವಿಲ್ಲ. ಸೇರಿದ ಹೊಸತರಲ್ಲಿ ನಾಗರತ್ನ ಒಂದು ಡಬ್ಬಿಗೆ ತಪ್ಪು ಚಮಚ ಹಾಕಿದಳು. ಯಾರೂ ನೋಡಿರಲಿಲ್ಲ. ಅಳುತ್ತಾ ಚೀಟಿ ಬರೆದು ಸ್ಟೋರ್ಸ್ ಕಿಟಕಿಗೆ ಕೊಟ್ಟಳಂತೆ. ಕಿಟಕಿಯಲ್ಲಿದ್ದವರು ಹಲಸೂರಿನ ಫಿಲೋಮಿನಮ್ಮ. ಅವರು ಡಬ್ಬಿ ಪೂರ್ತಿ ಎಸೆದು, ಹೊಸ ಡಬ್ಬಿ ಕೊಟ್ಟು, ಒಂದು ಪೆಪ್ಪರ್‌ಮಿಂಟನ್ನೂ ಕೊಟ್ಟರಂತೆ. ಅವತ್ತಿನಿಂದ ಇಬ್ಬರೂ ತಾಯಿಮಗಳ ಹಾಗೆ.

ನಿವೃತ್ತಿಯ ದಿನ ಸೆಕ್ಷನ್ನಿನವರೆಲ್ಲ ಸೇರಿ ನಾಗರತ್ನಳಿಗೆ ಬ್ಯಾಟರಿಯಲ್ಲಿ ನಡೆಯುವ ಡ್ರಿಲ್ ಕೊಟ್ಟರು. ನನಗೆ ನಿವೃತ್ತಿಯಾದಾಗ ಶಾಲೆಯವರು ಶಾಲು ಹೊದಿಸಿ, ಗಡಿಯಾರ ಕೊಟ್ಟಿದ್ದರು. ಗಡಿಯಾರ ಗೋಡೆ ಸೇರಿದ್ದು ಈ ಡ್ರಿಲ್ ಬಂದ ಮೇಲೇ.

ಆಮೇಲೆ ಅವಳಿಗೊಂದು ಹೊಸ ಕೆಲಸ ಹತ್ತಿಕೊಂಡಿತು. ಪರಿಚಯದ ವಯಸ್ಸಾದವರ ಮನೆಗಳಿಗೆ ಹೋಗಿ ಬಾತ್‌ರೂಮಿನ ಗೋಡೆಗೆ ಹಿಡಿಕಂಬಿ ಹಾಕಿ ಬರುವುದು. ಸ್ಟೀಲಿನ ಕಂಬಿ, ನಾಲ್ಕು ತೂತು, ನಾಲ್ಕು ಸ್ಕ್ರೂ. ಸಿ.ವಿ. ರಾಮನ್ ನಗರದಿಂದ ಬಾಣಸವಾಡಿಯವರೆಗೆ ಎಷ್ಟೋ ಅಜ್ಜಅಜ್ಜಿಯರು ಈಗ ಅವಳ ಕಂಬಿ ಹಿಡಿದೇ ಸ್ನಾನಕ್ಕೆ ಏಳುವುದು, ಕೂರುವುದು. ನಾನೂ ಜೊತೆಗೆ ಹೋಗುತ್ತಿದ್ದೆ. ನನ್ನ ಹುದ್ದೆ, ಗೋಡೆಯ ಕೆಳಗೆ ಹಳೇ ಪೇಪರ್ ಹಿಡಿದುಕೊಂಡು ನಿಲ್ಲುವುದು. ಧೂಳು ಬೀಳುತ್ತದಲ್ಲ, ಅದಕ್ಕೆ. ಮೂವತ್ತು ವರ್ಷ ಛಂದಸ್ಸು ಕಲಿಸಿದವನು ಸಂಪಾದಕೀಯ ಪುಟದಲ್ಲಿ ಟೈಲ್ಸಿನ ಪುಡಿ ಹಿಡಿಯುತ್ತಾ ನಿಂತಿರುತ್ತಿದ್ದೆ. "ಕಂಬಿ ನಾನು ಹಿಡ್ಕೊಳ್ಲಾ?" ಎಂದರೆ, "ಬೇಡ, ನೀವು ಪೇಪರ್ ಹಿಡ್ಕೊಳಿ," ಎನ್ನುವಳು. ನನಗೂ ಬಡ್ತಿ ಬೇಕೆನ್ನಿಸುವುದು ತಪ್ಪೇ?

ಅಷ್ಟರಲ್ಲಿ ಫಿಲೋಮಿನಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಎಪ್ಪತ್ತೆಂಟು ವರ್ಷ. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಆದರೆ ಅವರ ಸೊಸೆ ಸ್ಟೆಲ್ಲಾ ಹೆದರಿಬಿಟ್ಟರು. ಅಂದಿನಿಂದ ಬಾಗಿಲು ಹಾಕಿಕೊಂಡು ಸ್ನಾನ ಮಾಡುವಂತಿಲ್ಲ. ಬಾಗಿಲು ಅರ್ಧ ತೆರೆದಿಟ್ಟು, ಹೊರಗೆ ಸೊಸೆ ಸ್ಟೂಲ್ ಹಾಕಿಕೊಂಡು ಕೂರುವುದು, ಒಳಗೆ ಅತ್ತೆ ಸ್ನಾನ ಮಾಡುವುದು. ನಾವು ನೋಡಲು ಹೋದಾಗ ಫಿಲೋಮಿನಮ್ಮ ನಾಗರತ್ನಳ ಕೈ ಹಿಡಿದುಕೊಂಡರು.

"ರತ್ನಾ, ಎರಡು ತಿಂಗಳಾಯ್ತು ಮಾ. ಸ್ಟೆಲ್ಲಾ ತಂಗಮಾನ ಹುಡುಗಿ, ಚಿನ್ನದಂಥೋಳು, ತಪ್ಪು ಹೇಳಲ್ಲ. ಆದ್ರೆ ನನ್ನ ಮೈ ನಾನೊಬ್ಳೇ ನೋಡ್ಕೊಂಡಿದ್ದು ಇಷ್ಟು ವರ್ಷ. ಸ್ನಾನದ ಮನೆ ಬಾಗಿಲು ಹಾಕ್ಕೊಳೋಕೂ ಪರ್ಮಿಷನ್ ಕೇಳ್ಬೇಕಾ ಈಗ?"

ಜೋಕು ಮಾಡುತ್ತಲೇ ಮಾತಾಡುವ ಹೆಂಗಸು ಅವರು. ಅವತ್ತು ಜೋಕು ಮಾಡಲಿಲ್ಲ.

"ಬರೋ ಭಾನುವಾರ ಕಂಬಿ ಹಾಕ್ತೀನಮ್ಮ. ಆಮೇಲೆ ನೀವು ಬಾಗಿಲು ಹಾಕ್ಕೊಳಿ," ಎಂದಳು ನಾಗರತ್ನ. ಸ್ಟೆಲ್ಲಾ ಕೂಡ, "ಕಂಬಿ ಗಟ್ಟಿ ಇದ್ರೆ ಸರಿ ಆಂಟಿ," ಎಂದು ಒಪ್ಪಿಕೊಂಡರು.

ಇಲ್ಲಿಗೆ ನನ್ನ ಕಥೆಯ ಒಳ್ಳೆಯ ಭಾಗ ಮುಗಿಯಿತು.

ಆ ಬುಧವಾರ ನಾಗರತ್ನ ಕೆ.ಆರ್. ಪುರದ ತಂಗಿಯ ಮನೆಗೆ ಹೊರಟಳು. ಅಲ್ಲಿ ಮೊಮ್ಮಗುವಿನ ನಾಮಕರಣ, ಶನಿವಾರ ಸಂಜೆ ವಾಪಸ್ಸು. ಹೊರಡುವ ಮೊದಲು ಡ್ರಿಲ್ಲನ್ನು ಒಮ್ಮೆ ತಿರುಗಿಸಿ, ಕಿವಿಯ ಬಳಿ ಹಿಡಿದು, "ಸ್ವಲ್ಪ ಶಿಳ್ಳೆ ಬರ್ತಿದೆ. ಬಂದು ನೋಡ್ತೀನಿ. ನೀವು ಕೈ ಹಾಕ್ಬೇಡಿ," ಎಂದಳು. ಅವಳು ಕೊನೆಯ ವಾಕ್ಯ ಹೇಳದಿದ್ದರೆ ನನಗೆ ಕೈ ಹಾಕುವ ಯೋಚನೆ ಬರುತ್ತಿರಲಿಲ್ಲ ಎಂದು ಈಗಲೂ ವಾದಿಸಬಲ್ಲೆ. ಶಿಳ್ಳೆ ಎಂದರೇನು? ಎಣ್ಣೆ ಕೇಳುತ್ತಿದೆ ಎಂದರ್ಥ. ಅವಳು ಬರುವಷ್ಟರಲ್ಲಿ ಸದ್ದಡಗಿಸಿಟ್ಟರೆ ಭಾನುವಾರ ನನಗೆ ಬಡ್ತಿ ಗ್ಯಾರಂಟಿ.

ಮಧ್ಯಾಹ್ನ ಊಟ ಮಾಡಿ, ಫೋನಿನಲ್ಲಿ ಯಾರೋ ಡ್ರಿಲ್ ಬಿಚ್ಚುವ ವಿಡಿಯೋ ನೋಡಿಕೊಂಡು, ಸ್ಕ್ರೂಗಳನ್ನು ತೆಗೆದೆ. ಒಳಗೆ ಗೇರಿನ ಡಬ್ಬಿ. ಅದನ್ನೂ ತೆಗೆದೆ. ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ಮೂರು ಪುಟ್ಟ ಹಲ್ಲುಚಕ್ರ, ಎಲ್ಲವನ್ನೂ ಸುತ್ತುವರಿದ ಒಂದು ಪ್ಲಾಸ್ಟಿಕ್ಕಿನ ಬಳೆ. ಎಲ್ಲದರ ಮೇಲೂ ದಪ್ಪಗೆ, ಕಪ್ಪಗೆ ಜಿಡ್ಡು! ನನಗೆ ಖುಷಿಯೋ ಖುಷಿ. ವಿಮಾನ ಕಾರ್ಖಾನೆಯ ಫಿಟ್ಟರಮ್ಮನ ಡ್ರಿಲ್ಲಿನಲ್ಲಿ ಇಷ್ಟೊಂದು ಕೊಳೆಯೇ! ವಿಡಿಯೋದ ಮನುಷ್ಯ ಮುಂದೇನೋ ಹೇಳುತ್ತಿದ್ದ. ನನಗೆ ಗೊತ್ತಿರುವ ವಿಷಯವೆಂದು ಅವನ ಬಾಯಿ ಮುಚ್ಚಿಸಿದೆ.

ಹಳೇ ಬನೀನಿನ ಚೂರು ತಂದು, ಭಾನುವಾರದ ಅಮ್ಮನನ್ನು ನೆನೆಯುತ್ತಾ, ಹಲ್ಲು ಹಲ್ಲಿನ ಸಂದಿಯಿಂದಲೂ ಆ ಕಪ್ಪು ಜಿಡ್ಡನ್ನು ಒರೆಸಿ ತೆಗೆದೆ. ಚಕ್ರಗಳು ಬೆಳ್ಳಿಯ ಹಾಗೆ ಹೊಳೆದವು. ಆಮೇಲೆ ಒಂದು ಹಲ್ಲಿಗೆ ಒಂದು ಹನಿಯಂತೆ ಎಣ್ಣೆ ಬಿಟ್ಟೆ.

ನೀವು ಡ್ರಿಲ್ಲಿನ ವಿಷಯ ತಿಳಿದವರಾಗಿದ್ದರೆ ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀರಿ. ತಿಳಿಯದವರಾಗಿದ್ದರೆ ನನ್ನ ಪಕ್ಕ ಕೂರಲು ಯೋಗ್ಯರು. ನಾನು ಕೊಳೆ ಎಂದು ಒರೆಸಿ ಬಿಸಾಡಿದ್ದೇ ಗ್ರೀಸು.

ಮುಚ್ಚಿ ತಿರುಗಿಸಿದೆ. ಶಿಳ್ಳೆ ಇಲ್ಲ! ಐದು ನಿಮಿಷ ನನ್ನಷ್ಟು ಸುಖಿ ಹೊಸ ತಿಪ್ಪಸಂದ್ರದಲ್ಲೇ ಇರಲಿಲ್ಲ. ಪರೀಕ್ಷೆಗೆಂದು ಹಿತ್ತಲಿನ ಇಟ್ಟಿಗೆಯೊಂದಕ್ಕೆ ತೂತು ಕೊರೆಯತೊಡಗಿದೆ. ಮೂರನೆಯ ತೂತಿಗೆ ಡ್ರಿಲ್ಲಿನ ಮೂತಿಯಿಂದ ಕಂದು ಬಣ್ಣದ ಎಣ್ಣೆ ತೊಟ್ಟಿಕ್ಕಿತು. ನಾಲ್ಕನೆಯದಕ್ಕೆ ಒಳಗಿನಿಂದ ಕಿರುಚಾಟ ಶುರುವಾಯಿತು. ಶಿಳ್ಳೆಯಲ್ಲ, ಕಿರುಚಾಟ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಮೇಡಮ್ ಊರಲ್ಲಿಲ್ವಾ?" ಎಂದು ಕೇಳಿದರು. ಸದ್ದು ಕೇಳಿದರೇ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ.

ಮರುದಿನ ಮಾರ್ಕೆಟ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗ್ರೀಸು ಕೇಳಿದೆ.

"ಯಾವ ಗ್ರೀಸ್ ಸಾರ್? ಯಾತಕ್ಕೆ?"

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಅಂಗಡಿಯವನು ನನ್ನ ಹೆಂಡತಿಗೆ ಪರಿಚಯದವನು. "ಯಾತಕ್ಕೋ ಒಂದಕ್ಕೆ. ಒಳ್ಳೇದು ಕೊಡ್ರೀ," ಎಂದೆ. ಅವನು ಲಾರಿ ಚಕ್ರಕ್ಕೆ ಹಾಕುವ ಹಳದಿ ಗ್ರೀಸಿನ ಡಬ್ಬಿ ಕೊಟ್ಟ. ಮನೆಗೆ ಬಂದು, ಎಣ್ಣೆಯ ಮೇಲೆಯೇ, ಗೇರಿನ ಡಬ್ಬಿಯ ಮೂಲೆ ಮೂಲೆಗೂ ಹೋಳಿಗೆಗೆ ಹೂರಣ ತುಂಬುವ ಹಾಗೆ ಅದನ್ನು ತುಂಬಿದೆ. ಈ ಬಾರಿ ಕಿರುಚಲಿಲ್ಲ. ನರಳಿತು. ಎರಡು ನಿಮಿಷಕ್ಕೆ ಕೈಗೆ ಬಿಸಿ ತಾಗಿತು, ಬ್ಯಾಟರಿ ಇಳಿದುಹೋಯಿತು. ಶುಕ್ರವಾರವಿಡೀ ಅದನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತೆ. ನಾಗರತ್ನ ಫೋನ್ ಮಾಡಿ ಮಗುವಿನ ಹೆಸರು ಹೇಳಿದಳು. ಕೇಳಿಸಿಕೊಂಡೆ, ಆದರೆ ನೆನಪಿಟ್ಟುಕೊಳ್ಳಲು ಆಗಲಿಲ್ಲ. ನನ್ನ ಕಣ್ಣ ಮುಂದೆ ಫಿಲೋಮಿನಮ್ಮನ ಅರ್ಧ ತೆರೆದ ಬಾಗಿಲೇ ಇತ್ತು.

ಶನಿವಾರ ಬೆಳಿಗ್ಗೆ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಓಡಿದೆ. ಅಲ್ಲೊಂದು ಗಲ್ಲಿಯಲ್ಲಿ ಇನಾಯತ್ ಭಾಯಿಯ ರಿಪೇರಿ ಅಂಗಡಿ. ಅವರ ತಂದೆ ಅಮ್ಮನ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವರು. ಮಗ ಡ್ರಿಲ್ಲು, ಗ್ರೈಂಡರು, ಕಟ್ಟರುಗಳಿಗೆ ಬದಲಾಯಿಸಿಕೊಂಡಿದ್ದಾರೆ. ಇನಾಯತ್ ಭಾಯಿ ಗೇರಿನ ಡಬ್ಬಿ ಬಿಚ್ಚಿ ಒಳಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕ್ಯಾ ಸಾರ್ ಯೆ! ಗೇರಿಗೆ ಗ್ರೀಸ್ ಹಾಕಿದ್ದೀರಾ, ಹಲ್ವಾ ತುಂಬಿದ್ದೀರಾ?"

ಎಲ್ಲವನ್ನೂ ಹೇಳಿದೆ. ಬನೀನಿನ ಚೂರನ್ನೂ ಬಿಡಲಿಲ್ಲ. ಇನಾಯತ್ ಭಾಯಿ ನಗಲಿಲ್ಲ. ಹಾಗೆಂದು ನಾನು ಬರೆಯಬಹುದು, ಆದರೆ ಅವರು ಪಕ್ಕದ ಅಂಗಡಿಯವರನ್ನೂ ಕರೆದು ಹೇಳಿ ಇಬ್ಬರೂ ಸೇರಿ ನಕ್ಕರು. ನಗು ಮುಗಿದ ಮೇಲೆ ಸ್ಟೂಲ್ ಸರಿಸಿ ನನ್ನನ್ನು ಕೂರಿಸಿದರು.

"ಅಮ್ಮಾಜೀ ಮೆಷಿನ್‌ಗೆ ಎಣ್ಣೆನೇ ಸರಿ ಸಾರ್. ಅದು ಹಗುರ ಓಡೋ ಮೆಷಿನ್. ವಾರ ವಾರ ಒರ್ಸಿ, ವಾರ ವಾರ ಹಾಕ್ತಿದ್ರು. ಇದು ಹಂಗಲ್ಲ. ಇಲ್ಲಿ ಹಲ್ಲು ಹಲ್ಲನ್ನ ಒತ್ತತ್ತೆ. ಜೋರಾಗಿ ತಿರುಗುವಾಗ ಎಣ್ಣೆ ಓಡಿಹೋಗತ್ತೆ, ಗ್ರೀಸ್ ಕೂತ್ಕೊಳತ್ತೆ. ಕೂತ್ಕೊಳೋದು ಬೇಕು ಇಲ್ಲಿ."

"ಹಳದಿ ಗ್ರೀಸೂ ಕೂತ್ಕೊಳತ್ತಲ್ಲ?"

"ಅದು ಲಾರಿಗೆ ಒಳ್ಳೇದು ಸಾರ್. ಇಷ್ಟು ಚಿಕ್ಕ ಗೇರಿಗೆ ಭಾರ. ಅದೂ ಗೋಣಿಚೀಲದ ಹಂಗೆ ತುಂಬಿದ್ರೆ ಗೇರ್ ತಿರುಗತ್ತಾ, ಗ್ರೀಸ್ ಕಡಿಯತ್ತಾ? ಅದ್ಕೇ ಬಿಸಿ."

ಅವರ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು, ಒಂದರಲ್ಲಿ ಕಪ್ಪು ಗ್ರೀಸು, ಇನ್ನೊಂದರಲ್ಲಿ ಬಿಳಿ. ಉಕ್ಕಿಗೆ ಉಕ್ಕು ಬಡಿಯುವ ಕಡೆ ಕಪ್ಪು ಹಾಕುತ್ತಾರಂತೆ. ಪ್ಲಾಸ್ಟಿಕ್ ಇದ್ದ ಕಡೆ ಪ್ಲಾಸ್ಟಿಕ್ಕನ್ನು ತಿನ್ನದಂಥದ್ದೇ ಬೇಕು. ನಮ್ಮ ಡ್ರಿಲ್ಲಿನಲ್ಲಿ ಎರಡೂ ಇದ್ದುದರಿಂದ ಎರಡಕ್ಕೂ ಹೊಂದುವ ಬಿಳಿಯದನ್ನು ಆರಿಸಿದರು. ಚಿಟಿಕೆಯಷ್ಟು ತೆಗೆದು ನನ್ನ ಹೆಬ್ಬೆರಳಿಗೆ ಹಚ್ಚಿ, ತೋರುಬೆರಳಿನಿಂದ ಉಜ್ಜಿ ಬಿಡಿಸಲು ಹೇಳಿದರು. ಸಣ್ಣ ಎಳೆ ಬಂದು ತುಂಡಾಯಿತು. "ಇಷ್ಟು ಅಂಟು ಸಾಕು," ಎಂದರು. ಒಂದು ಪುಟ್ಟ ಹಲ್ಲುಚಕ್ರ ನನ್ನ ಪ್ರಯೋಗಕ್ಕೆ ಬಲಿಯಾಗಿತ್ತು. ಅದನ್ನು ತೆಗೆದು, ಅದೇ ಅಳತೆಯ ಇನ್ನೊಂದನ್ನು ಹಳೇ ಡ್ರಿಲ್ಲೊಂದರಿಂದ ಬಿಚ್ಚಿ ಕೂರಿಸಿದರು. ಹಳೆಯ ಗ್ರೀಸಿನ ಕುರುಹೂ ಉಳಿಯದಂತೆ ಒರೆಸಿದ ಮೇಲೆ ಬ್ರಷ್ಷನ್ನು ನನ್ನ ಕೈಗೇ ಕೊಟ್ಟರು.

"ನೀವೇ ಹಚ್ಚಿ. ಕಾಡಿಗೆ ಹಚ್ಚೋ ಹಂಗೆ. ಹಲ್ಲು ಕಾಣ್ಬೇಕು, ಹಲ್ಲಿನ ಮೇಲೆ ಗ್ರೀಸೂ ಕಾಣ್ಬೇಕು. ಕಡಿಮೆ ಸಾರ್, ಇನ್ನೂ ಕಡಿಮೆ."

ಮುಚ್ಚಿ ತಿರುಗಿಸಿದಾಗ ಮೆತ್ತನೆಯ ಗುಂಯ್ ಎಂಬ ಸದ್ದು ಬಂತು. "ಹೊಸದ್ರ ಹಂಗಿದೆ. ಮೇಡಮ್‌ಗೆ ಗೊತ್ತೇ ಆಗಲ್ಲ, ಫಿಕರ್ ಮಾಡ್ಬೇಡಿ," ಎಂದು ಇನಾಯತ್ ಭಾಯಿ ಕಣ್ಣು ಮಿಟುಕಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಕುಳಿತಿತ್ತು. ಗೊತ್ತೇ ಆಗುವುದಿಲ್ಲ. ಎಷ್ಟು ಹಿತವಾದ ಮಾತು! ಹಲಸೂರು ದಾಟುವವರೆಗೂ ಅದನ್ನು ಚಪ್ಪರಿಸಿದೆ. ಆಮೇಲೆ ಒಂದು ಯೋಚನೆ ಬಂತು. ಆ ಗುಂಯ್ ಎಂಬ ಸದ್ದು ನನ್ನ ಕಿವಿಗೆ ಸರಿಯಾಗಿದೆ. ಆದರೆ ನನ್ನ ಕಿವಿಗೆ ಬುಧವಾರದ ಎಣ್ಣೆಯ ಸದ್ದೂ ಐದು ನಿಮಿಷ ಸರಿಯಾಗಿತ್ತಲ್ಲ? ಅದು ನಿಜಕ್ಕೂ ಸರಿಯೋ ಅಲ್ಲವೋ ಹೇಳಬಲ್ಲ ಕಿವಿ ನಮ್ಮ ಮನೆಯಲ್ಲಿ ಒಂದೇ. ಒಳಗೆ ಏನೋ ಬದಲಾಗಿದೆ ಎಂದು ಗೊತ್ತಿಲ್ಲದಿದ್ದರೆ ಆ ಕಿವಿ ಅದನ್ನು ಹುಡುಕುವುದಿಲ್ಲ. ನಾಳೆ ಅರ್ಧ ತೂತಿನಲ್ಲಿ ಡ್ರಿಲ್ ಜಾರಿ, ತೂತು ಸಡಿಲವಾಗಿ, ಆ ಕಂಬಿಗೆ ಫಿಲೋಮಿನಮ್ಮ ಒದ್ದೆ ಕೈ ಹಾಕಿದರೆ?

ಮನೆಗೆ ಬಂದು ಹಳೇ ಲಗ್ನಪತ್ರಿಕೆಯೊಂದರ ಕೆಂಪು ಹೊದಿಕೆ ಕತ್ತರಿಸಿ, ತೂತು ಮಾಡಿ, ದಾರ ಕಟ್ಟಿ ಚೀಟಿ ಬರೆದೆ. ಬರೆಯುವುದೊಂದೇ ನನಗೆ ಬರುವ ಕೆಲಸ, ಆದ್ದರಿಂದ ಮನಸ್ಸಿಟ್ಟು ಬರೆದೆ. ಎರಡೂ ಬದಿ ತುಂಬಿತು.

ಸಂಜೆ ನಾಗರತ್ನ ಬಂದಳು. ಚೀಲ ಇಡುವ ಮೊದಲೇ ಮೇಜಿನ ಮೇಲಿನ ಡ್ರಿಲ್ಲು, ಅದರ ಕೊರಳಿನ ಕೆಂಪು ಚೀಟಿ ಕಣ್ಣಿಗೆ ಬಿತ್ತು. ನಿಂತೇ ಓದಿದಳು. ಮುಖ ಕೆಂಪಾಯಿತು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ.

"ಕೆ.ಆರ್. ಪುರ ಏನು ಕಾಶಿನಾ? ಒಂದು ಫೋನ್ ಮಾಡಿ ಕೇಳೋಕಾಗ್ತಿರ್ಲಿಲ್ವಾ?"

"ತಪ್ಪಾಯ್ತು."

"ನಮ್ಮ ಸೆಕ್ಷನ್ನವ್ರು ಕೊಟ್ಟಿದ್ದು ರೀ ಅದು." ಅವಳ ದನಿ ನಡುಗಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನಡುಕ ತಡೆದುಕೊಳ್ಳಲಾಗಲಿಲ್ಲ. ಅರವತ್ತಾರರ ಗಂಡಸಿನ ಕಣ್ಣಲ್ಲಿ ನೀರು ಬಂತು ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅವಳು ನೀರು ಕುಡಿದು ಬಂದು ಕುರ್ಚಿಯಲ್ಲಿ ಕೂತು, ಚೀಟಿಯನ್ನು ಮತ್ತೆ ಓದಿದಳು. ಪೆನ್ಸಿಲ್ ಕೈಗೆತ್ತಿಕೊಂಡಳು.

"ಇದೇನು, ‘ಅಜ್ಞಾನದ ಅಂಧಕಾರದಲ್ಲಿ ಮುಳುಗಿ’?"

"ಭಾವನೆ."

"ಗೇರಿಗೆ ಭಾವನೆ ಬೇಡ." ಗೀಟು ಬಿತ್ತು. "‘ನನ್ನ ಪೂಜ್ಯ ಮಾತೃಶ್ರೀಯವರ ಸ್ಮರಣೆಯೊಂದಿಗೆ’ ಯಾಕೆ? ಅತ್ತೆ ಮೇಲೆ ಯಾಕೆ ಹಾಕ್ತೀರಾ?" ಇನ್ನೊಂದು ಗೀಟು. "ಏನು ಬಿಚ್ಚಿದ್ರಿ, ಏನು ತೆಗೆದ್ರಿ, ಏನು ಹಾಕಿದ್ರಿ, ಯಾವ ಗೇರ್ ಬದಲಾಯ್ತು. ಅಷ್ಟೇ ಬರೀಬೇಕು."

ಮೂವತ್ತು ವರ್ಷ ಹುಡುಗರ ಪ್ರಬಂಧಗಳ ಮೇಲೆ ಕೆಂಪು ಗೀಟು ಎಳೆದವನು ನಾನು. ಅವರೆಲ್ಲರ ಪರವಾಗಿ ಅವತ್ತು ನಾಗರತ್ನ ಎಳೆದಳು. ಕೊನೆಗೆ ಚೀಟಿಯಲ್ಲಿ ನಾಲ್ಕು ಸಾಲು, ನನ್ನ ಹೆಸರು ಉಳಿದವು. ನಾನು ಬರೆದದ್ದರಲ್ಲಿ ಅದೇ ಅತ್ಯುತ್ತಮ ಗದ್ಯವಿರಬೇಕು.

ಅವಳು ಡ್ರಿಲ್ ಬಿಚ್ಚಿದಳು. ಹೊಸ ಗೇರನ್ನು ಬೆಳಕಿಗೆ ಹಿಡಿದು ನೋಡಿದಳು, ಗ್ರೀಸನ್ನು ಬೆರಳಿನಿಂದ ಎಳೆದು ನೋಡಿದಳು.

"ಇದನ್ನ ಯಾರು ಹಚ್ಚಿದ್ದು?"

"ನಾನೇ. ಅವ್ರು ಹೇಳ್ಕೊಟ್ರು."

ಅವಳು ಡ್ರಿಲ್ ಮುಚ್ಚಿ, ಹಿತ್ತಲಿಗೆ ಹೋಗಿ, ಇಟ್ಟಿಗೆಗೆ ನಾಲ್ಕು ತೂತು ಕೊರೆದಳು. ಪ್ರತಿ ತೂತಿಗೂ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಒಳಗೆ ಬಂದು ಚೀಟಿಯ ಕೆಳಗೆ ತನ್ನ ಸಹಿಯನ್ನೂ ಹಾಕಿದಳು. ಅವತ್ತು ಊಟ ಮಾಡುವಾಗ ಮಗುವಿಗೆ ಏನು ಹೆಸರಿಟ್ಟರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹಲಸೂರಿನಲ್ಲಿದ್ದೆವು. ನಾನು ಅಭ್ಯಾಸದಂತೆ ಚೀಲದಿಂದ ಹಳೇ ಪೇಪರ್ ತೆಗೆದೆ. "ಅದನ್ನ ಸ್ಟೆಲ್ಲಾಗೆ ಕೊಡಿ. ನೀವು ಕಂಬಿ ಹಿಡ್ಕೊಳಿ," ಎಂದಳು ನಾಗರತ್ನ. ನಾನು ಎರಡೂ ಕೈಯಿಂದ ಕಂಬಿಯನ್ನು ಗೋಡೆಗೆ ಒತ್ತಿ ಹಿಡಿದೆ, ಅವಳು ಪೆನ್ಸಿಲಿನಿಂದ ಗುರುತು ಹಾಕಿದಳು. ಒಂದು ತೂತು, ಎರಡು, ಮೂರು, ನಾಲ್ಕು. ಡ್ರಿಲ್ ಎಲ್ಲೂ ತಡವರಿಸಲಿಲ್ಲ. ಪ್ಲಗ್ ಬಡಿದು, ಸ್ಕ್ರೂ ಬಿಗಿದು ಅವಳು ಹಿಂದೆ ಸರಿದಳು.

"ನಮ್ಮ ಸೆಕ್ಷನ್ನಲ್ಲಿ ಹಾಕಿದವ್ರೇ ಪರೀಕ್ಷೆ ಮಾಡೋ ಹಾಗಿಲ್ಲ. ನೀವು ಜೋತುಬೀಳಿ."

"ನಾನಾ?"

"ಅಮ್ಮನ ಎರಡರಷ್ಟು ತೂಕ ಇದ್ದೀರಾ. ಬೀಳಿ."

ಕಾಲು ಮಡಿಸಿ ಕಂಬಿಗೆ ಜೋತುಬಿದ್ದೆ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಫಿಲೋಮಿನಮ್ಮ, "ಅಯ್ಯೋ ಮೇಷ್ಟ್ರೇ, ಕಂಬಿಗೆ ಏನೂ ಆಗಲ್ಲ, ನಿಮ್ಮ ತೋಳು ಕಿತ್ತು ಬರತ್ತೆ!" ಎಂದು ನಕ್ಕರು. ಎರಡು ತಿಂಗಳಲ್ಲಿ ಅವರು ಹಾಗೆ ನಕ್ಕದ್ದು ಅದೇ ಮೊದಲಂತೆ, ಸ್ಟೆಲ್ಲಾ ಆಮೇಲೆ ಹೇಳಿದರು. ಕಂಬಿ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಇಳಿದು ನಿಂತೆ. ನಾಗರತ್ನ ನನ್ನ ತೋಳಿಗಂಟಿದ್ದ ಟೈಲ್ಸಿನ ಪುಡಿಯನ್ನು ಕೈಯಿಂದ ಒರೆಸಿದಳು. ಶನಿವಾರದಿಂದ ಬಾಕಿಯಿದ್ದ ಅವಳ ಕೋಪ ಅಷ್ಟಕ್ಕೆ ಮುಗಿಯಿತೆಂದು ನನಗೆ ಗೊತ್ತಾಯಿತು.

ನೆಲ ತೊಳೆದದ್ದಾಯಿತು. ಸ್ಟೆಲ್ಲಾ ಬಿಸಿನೀರು ಇಟ್ಟು ಬಂದರು. ಫಿಲೋಮಿನಮ್ಮ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, ಕಂಬಿಯನ್ನು ಒಂದು ಸಲ ಹಿಡಿದು, ಬಿಟ್ಟು, ಮತ್ತೆ ಗಟ್ಟಿಯಾಗಿ ಹಿಡಿದು ಒಳಗೆ ನಿಂತರು. ನಮ್ಮ ಮೂವರನ್ನೂ ಒಮ್ಮೆ ನೋಡಿದರು.

"ಸರಿ. ಎಲ್ರೂ ಹೋಗಿ ಕಾಫಿ ಕುಡೀರಿ. ಬಾಗಿಲ ಹತ್ರ ಯಾರೂ ನಿಲ್ಬೇಡಿ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಸ್ಟೆಲ್ಲಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಮೊದಲ ಚೊಂಬು ನೀರು ಸುರಿದ ಸದ್ದು ಕೇಳಿದ ಮೇಲೆ, ಎರಡು ತಿಂಗಳಿಂದ ಆ ಬಾಗಿಲ ಪಕ್ಕದಲ್ಲೇ ಇದ್ದ ಸ್ಟೂಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.